ಪುಟ್ಟ ಬಚ್ಚಲಿಗೆ ನೀಲಿ ಎಷ್ಟು, ಹಳದಿ ಎಷ್ಟು?

ಬಚ್ಚಲುಮನೆಯ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ನೀಲಿ–ಹಳದಿ ಜೋಡಿಯ ಬಗ್ಗೆ ಕೇಳಿದವರೇ ಹೆಚ್ಚು. ನನಗೂ ಬಹಳ ಪ್ರೀತಿಯ ಜೋಡಿ ಇದು. ಹಾಗಾಗಿ ಈ ಸಲದ ಪುಟವನ್ನೆಲ್ಲ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಮ್ಮದು ತೋಟದ ಮನೆ. ಮಲಗುವ ಕೋಣೆಗೆ ತಾಗಿಸಿ 5 ಅಡಿ ಅಗಲ, 7 ಅಡಿ ಉದ್ದದ ಬಚ್ಚಲು ಕಟ್ಟಿಸುತ್ತಿದ್ದೇವೆ. ನೀಲಿ, ಹಳದಿ ಎರಡೂ ಇರಬೇಕೆಂದು ನನಗೆ ಆಸೆ. ಮೇಸ್ತ್ರಿ ನಾಲ್ಕೂ ಗೋಡೆಗೆ ಮೇಲಿನವರೆಗೆ ಕಡುನೀಲಿ ಟೈಲ್ಸ್ ಹಾಕಿ, ನಡುನಡುವೆ ಹಳದಿ ಹೂವಿನದ್ದು ಕೂರಿಸೋಣ ಎನ್ನುತ್ತಾರೆ. ನಮ್ಮ ಮನೆಯವರು ಇಷ್ಟು ಸಣ್ಣ ಜಾಗಕ್ಕೆ ಬಿಳಿಯೇ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಆಸೆಯನ್ನು ಬಿಡಬೇಡಿ. ಆದರೆ ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಆ ಬಚ್ಚಲಿನ ಗೋಡೆ ಎದ್ದಿದ್ದರೆ, ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ ಐದಕ್ಕೂ ಒಳಗೆ ಹೋಗಿ, ದೀಪ ಹಾಕದೆ ಸ್ವಲ್ಪ ಹೊತ್ತು ನಿಲ್ಲಿ. ಒಂದು ಬಿಳಿ ಕಾಗದ ಹಿಡಿದು ನೋಡಿ. ಸುತ್ತ ಅಡಿಕೆ ತೋಟ, ಮೇಲೆ ಎರಡು ಅಡಿ ಚಾಚಿದ ಸೂರು ಇರುವ ಕಡೆ ಕಿಟಕಿಯಿಂದ ಬರುವ ಬೆಳಕು ಬಿಳಿಯಾಗಿರುವುದಿಲ್ಲ. ಎಲೆಗಳ ಮೇಲಿಂದ ಜಾರಿ ಬಂದ ಹಸಿರು ಬೆಳಕು ಅದು. ಕಾಗದದ ಮೇಲೆ ಅದು ಕಣ್ಣಿಗೆ ಕಾಣುತ್ತದೆ. ಅಂಥ ಬೆಳಕಿನಲ್ಲಿ ನಿಂಬೆಹಳದಿ ಪೂರಾ ಹಸಿರಿಗೆ ತಿರುಗಿ ಕಾಯಿಲೆಯ ಬಣ್ಣವಾಗಿಬಿಡುತ್ತದೆ. ಆದ್ದರಿಂದ ತೋಟದ ಮನೆಯವರು ಕೆಂಪಿನ ಛಾಯೆ ಒಂದಿಷ್ಟು ಬೆರೆತ ಹಳದಿಯನ್ನೇ ಆರಿಸಬೇಕು. ಹಸಿ ಅರಿಶಿನದ ಕೊಂಬು ಮುರಿದಾಗ ಒಳಗೆ ಕಾಣುತ್ತದಲ್ಲ, ಅದಕ್ಕಿಂತ ತೆಳು, ಆದರೆ ಅದೇ ಜಾತಿಯದು. ನೀಲಿಯಲ್ಲೂ ಹಾಗೆಯೇ. ಹಸಿರು ಬೆರೆತ ನೀಲಿ ಬೇಡ. ಸ್ವಚ್ಛ ನೀಲಿ, ಆಕಾಶನೀಲಿಗಿಂತ ಒಂದೆರಡು ಪಟ್ಟು ಗಾಢವಾದದ್ದು ಇರಲಿ.

ಇನ್ನು ಪಾಲಿನ ಮಾತು. ಮೇಸ್ತ್ರಿಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಡುನೀಲಿ ಟೈಲ್ಸ್ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ನುಂಗುತ್ತದೆ. ತೆಳುಹಳದಿಯೂ ಬಿಳಿಯೂ ಅದನ್ನು ಹಿಂದಕ್ಕೆ ಎಸೆಯುತ್ತವೆ. 35 ಚದರ ಅಡಿಯ ಕೋಣೆಯಲ್ಲಿ ನಾಲ್ಕೂ ಗೋಡೆ ಬೆಳಕು ನುಂಗುತ್ತಾ ನಿಂತರೆ ಆಷಾಢದಲ್ಲಿ ಹಗಲು ಹೊತ್ತಿನಲ್ಲೇ ಬಲ್ಬು ಹಾಕಿಕೊಂಡು ಸ್ನಾನ ಮಾಡಬೇಕಾಗುತ್ತದೆ. ನಿಮ್ಮ ಮನೆಯವರು ಬಿಳಿ ಎನ್ನುವುದು ಈ ಕಾರಣಕ್ಕಾದರೆ ಸರಿಯೇ. ಆದರೆ ಮಲೆನಾಡಿನಲ್ಲಿ ಪೂರ್ತಿ ಬಿಳಿ ಬಚ್ಚಲಿಗೂ ಒಂದು ಕಷ್ಟವಿದೆ. ಜಂಬಿಟ್ಟಿಗೆ ಮಣ್ಣಿನ ಕಡೆ ಎಷ್ಟೋ ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ನಲ್ಲಿಯ ಕೆಳಗೆ, ನೀರು ಹರಿಯುವ ದಾರಿಯಲ್ಲಿ ತುಕ್ಕಿನ ಬಣ್ಣದ ಗೆರೆ ಮೂಡುತ್ತದೆ. ಬಿಳಿಯ ಮೇಲೆ ಅದು ಎದ್ದು ಕಾಣುತ್ತದೆ, ಬೆಚ್ಚನೆಯ ತೆಳುಹಳದಿಯ ಮೇಲೆ ಅಷ್ಟಾಗಿ ಕಾಣುವುದಿಲ್ಲ.

ನಾನು ಹೇಳುವುದು ಇಷ್ಟು. ನೆಲದಿಂದ 3 ಅಡಿಯವರೆಗೆ ಸುತ್ತಲೂ ನೀಲಿ. ಅದರ ಮೇಲೆ ಸ್ನಾನದ ಮೂಲೆಯಲ್ಲಿ 7 ಅಡಿಯವರೆಗೆ ತೆಳುಹಳದಿ ಟೈಲ್ಸ್. ಉಳಿದ ಕಡೆ 3 ಅಡಿಯ ಮೇಲೆ ಅದೇ ತೆಳುಹಳದಿಯ ಪೇಂಟು. ಸೂರಿಗೆ ಮಾತ್ರ ಬಿಳಿ. ನೀಲಿ–ಹಳದಿ ಕೂಡುವ ಕಡೆ ಎರಡಿಂಚಿನ ಬಿಳಿ ಪಟ್ಟಿ ಹಾಯಿಸಿ. ಈ ಪಟ್ಟಿ ಬೇಕೇ ಎಂದು ಮೇಸ್ತ್ರಿ ಕೇಳುತ್ತಾರೆ, ಬೇಕು ಎನ್ನಿ. ಒಂದಕ್ಕೊಂದು ವಿರುದ್ಧವಾದ ಎರಡು ಬಣ್ಣಗಳನ್ನು ಒತ್ತಾಗಿ ಇಟ್ಟರೆ ಒಂದರ ಕಾವು ಇನ್ನೊಂದಕ್ಕೆ ತಾಗಿ ಎರಡೂ ಇದ್ದುದಕ್ಕಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತವೆ. ಫ್ರಾನ್ಸಿನಲ್ಲಿ ಗೋಡೆಯ ಚಿತ್ರಗಂಬಳಿ ನೇಯುವ ಕಾರ್ಖಾನೆಯಲ್ಲಿ ಬಣ್ಣದ ಉಸ್ತುವಾರಿ ನೋಡುತ್ತಿದ್ದ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞ 1839ರಲ್ಲೇ ಇದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ದೊಡ್ಡ ಹಜಾರದಲ್ಲಿ ಆ ಕಾವು ಚಂದ. ಕೈ ಚಾಚಿದರೆ ಗೋಡೆ ಸಿಗುವ ಬಚ್ಚಲಿನಲ್ಲಿ ಕಣ್ಣು ದಣಿಯುತ್ತದೆ.

ಲೆಕ್ಕ ಹೇಳುತ್ತೇನೆ. ನಾಲ್ಕು ಗೋಡೆಯ ಸುತ್ತಳತೆ 24 ಅಡಿ, 3 ಅಡಿ ಎತ್ತರಕ್ಕೆ 72 ಚದರ ಅಡಿ. ಎರಡೂವರೆ ಅಡಿಯ ಬಾಗಿಲಿನ ಜಾಗ ಕಳೆದರೆ ಸುಮಾರು 65. ಕತ್ತರಿಸುವಾಗ ಹಾಳಾಗುವುದಕ್ಕೆ ಹತ್ತರಲ್ಲೊಂದು ಪಾಲು ಸೇರಿಸಿ. ಒಂದು ಅಡಿಗೆ ಎರಡು ಅಡಿಯ ಟೈಲ್ಸ್ ಅಡ್ಡಲಾಗಿ ಕೂರಿಸಿದರೆ ಮೂರೇ ಸಾಲಿಗೆ ಮುಗಿಯುತ್ತದೆ, ಸಂದುಗಳೂ ಕಡಿಮೆ. ಎಲ್ಲ ಪೆಟ್ಟಿಗೆಯ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯೇ ಎಂದು ಅಂಗಡಿಯಲ್ಲೇ ನಿಂತು ನೋಡಿಕೊಳ್ಳಿ. ಬೇರೆ ಬ್ಯಾಚಿನ ನೀಲಿ ಒಂದು ಎಳೆ ಬೇರೆಯೇ ಇರುತ್ತದೆ, ಗೋಡೆಗೆ ಕೂರಿಸಿದ ಮೇಲೆಯೇ ಅದು ಗೊತ್ತಾಗುವುದು. ನಾಲ್ಕಾರು ಟೈಲ್ಸ್ ಅಟ್ಟದ ಮೇಲೆ ಎತ್ತಿಡಿ. ಮುಂದೆ ಪೈಪು ಒಡೆದು ಗೋಡೆ ಕೀಳಬೇಕಾಗಿ ಬಂದರೆ ಆ ಬಣ್ಣ ಆಗ ಸಿಗುವುದಿಲ್ಲ.

ನೀಲಿಗೆ ಮಿರಮಿರ ಹೊಳೆಯುವುದು ಬೇಡ. ಹೊಳಪಿನ ಕಡುಬಣ್ಣದ ಮೇಲೆ ಒಣಗಿದ ಪ್ರತಿ ಹನಿಯೂ ಬಿಳಿ ಚುಕ್ಕೆ ಬಿಡುತ್ತದೆ. ನೀರು ಗಡುಸಾಗಿದ್ದರೆ ಇನ್ನೂ ಹೆಚ್ಚು.

ಬಣ್ಣ ಕೂರುವ ಮೊದಲಿನ ಕೆಲಸದಲ್ಲಿ ಮಾತ್ರ ದಯವಿಟ್ಟು ಕೈ ಬಿಗಿ ಹಿಡಿಯಬೇಡಿ. ನೆಲಕ್ಕೂ ಗೋಡೆಯ ಬುಡಕ್ಕೂ, ಸ್ನಾನದ ಮೂಲೆಯಲ್ಲಿ ಆಳೆತ್ತರಕ್ಕೂ ವಾಟರ್‌ಪ್ರೂಫಿಂಗ್ ಎರಡು ಕೋಟ್ ಆಗಬೇಕು. ಒಣಗಿದ ಮೇಲೆ ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಇಡೀ ಒಂದು ದಿನ ನೀರು ನಿಲ್ಲಿಸಿ. ಆಚೆ ಕೋಣೆಯ ಗೋಡೆಯ ಬುಡದಲ್ಲಿ ತೇವ ಕಾಣದಿದ್ದರೆ ಮಾತ್ರ ಟೈಲ್ಸಿನ ಮಾತು. ನೆಲಕ್ಕೆ 7 ಅಡಿಗೆ ಒಂದು ಇಂಚಿನಷ್ಟು ವಾಟ ಇರಲಿ. ಟೈಲ್ಸ್ ಕೂರಿಸಿ ಆದ ಮೇಲೆ ಒಂದು ಬಕೆಟ್ ನೀರು ಸುರಿದು, ಎಲ್ಲಿಯೂ ನಿಲ್ಲದೆ ಹೋಗುತ್ತದೆಯೇ ಎಂದು ಮೇಸ್ತ್ರಿ ಹೊರಡುವ ಮೊದಲು ನೋಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಬಚ್ಚಲಿಗೆ ಚಂದದ ಹಳದಿ ಪೇಂಟ್ ಹೊಡೆಸಿದೆವು. ಮೊದಲ ಮಳೆಗಾಲಕ್ಕೇ ಸೂರಿನ ಮೂಲೆ ಕಪ್ಪಾಯಿತು, ಈಗ ಚಕ್ಕೆ ಏಳುತ್ತಿದೆ. ಮೇಲೆ ಕಡುನೀಲಿ ಬಳಿದರೆ ಕಪ್ಪು ಮುಚ್ಚಿಹೋಗುತ್ತದೆಯೇ?
— ಓದುಗರು, ಹೊಸನಗರ

ಉತ್ತರ: ಮುಚ್ಚಿಹೋಗುವುದಿಲ್ಲ. ಅದು ಕೊಳೆಯಲ್ಲ, ಬೂಸ್ಟು. ಜೀವ ಇರುವಂಥದ್ದು. ಯಾವ ಬಣ್ಣದ ಅಡಿಯಿಂದಲೂ ಮೇಲೆ ಬರುತ್ತದೆ.

ಅದು ಯಾಕೆ ಬಂತು ನೋಡಿ. ಬಿಸಿನೀರಿನ ಹಬೆ ಮೇಲೇರಿ ತಣ್ಣಗಿನ ಆರ್‌ಸಿಸಿ ಸೂರಿಗೆ ತಾಗಿ ಹನಿಯಾಗುತ್ತದೆ. ಬಯಲುಸೀಮೆಯಲ್ಲಾದರೆ ಮಧ್ಯಾಹ್ನದೊಳಗೆ ಒಣಗೀತು. ನಿಮ್ಮ ಕಡೆ ಆರಿದ್ರಾ ಹಿಡಿದರೆ ಆಶ್ಲೇಷ ಮುಗಿಯುವವರೆಗೂ ಗಾಳಿಯೇ ಒದ್ದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುವ ಸೀಮೆ ಇದು. ಹಾಕಿದ ಬಟ್ಟೆ ವಾರವಾದರೂ ಒಣಗದ ಊರಿನಲ್ಲಿ ಸೂರು ತಾನಾಗಿ ಹೇಗೆ ಒಣಗುತ್ತದೆ? ನಾವೇ ಒಣಗಿಸಬೇಕು. ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಸಣ್ಣ ಬಚ್ಚಲಿಗೆ ಸಾಕು. ಆದರೆ ಅದನ್ನು ಸೂರಿಗೆ ಹತ್ತಿರ, ಬಾಗಿಲಿನ ಎದುರು ಗೋಡೆಯಲ್ಲಿ ಕೂರಿಸಿ. ಬಾಗಿಲಿನ ಕೆಳಗೆ ಮುಕ್ಕಾಲು ಇಂಚು ಸಂದು ಬಿಡಿ. ಒಳಗೆ ಗಾಳಿ ಬರದೆ ಫ್ಯಾನ್ ಏನನ್ನು ಹೊರಗೆ ತಳ್ಳಬೇಕು? ಸ್ನಾನ ಮುಗಿದ ಕೂಡಲೇ ಆರಿಸಬೇಡಿ, ಇನ್ನೂ ಇಪ್ಪತ್ತು ನಿಮಿಷ ತಿರುಗಲಿ. ನಿಮ್ಮ ಮನೆಯ ತಾರಸಿಯ ಮೇಲೆ ಶೀಟು ಹೊದೆಸಿಲ್ಲವಾದರೆ ಮೇಲಿನಿಂದಲೂ ನೀರು ಇಳಿಯುತ್ತಿರಬಹುದು. ಮಳೆ ಬಿಟ್ಟ ಮೇಲೂ ಒದ್ದೆ ಕಲೆ ದೊಡ್ಡದಾಗುತ್ತಿದ್ದರೆ ಅದು ಹಬೆಯ ಕೆಲಸವಲ್ಲ, ಸೋರಿಕೆ. ಮೊದಲು ಅದನ್ನು ನಿಲ್ಲಿಸಿ.

ಆಮೇಲೆ ಹಳೆ ಪೇಂಟನ್ನು ಕೆರೆದು ತೆಗೆಯಿರಿ. ಬ್ಲೀಚಿಂಗ್ ನೀರಿನಿಂದ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಬ್ಲೀಚಿಂಗ್ ಹಾಕಿದ ಜಾಗಕ್ಕೆ ಆಸಿಡ್ಡನ್ನಾಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ದ್ರಾವಣವನ್ನಾಗಲಿ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಪೇಂಟಿಂಗ್ ಕೆಲಸವನ್ನು ದೀಪಾವಳಿ ಕಳೆದ ಮೇಲೆ, ಚಳಿಗಾಳಿ ಬಿಟ್ಟು ಗೋಡೆ ಪೂರ್ತಿ ಒಣಗಿದಾಗ ಇಟ್ಟುಕೊಳ್ಳಿ. ಪ್ರೈಮರ್, ಅದರ ಮೇಲೆ ಬೂಸ್ಟು ತಡೆಯುವ ಅಂಶವಿರುವ ಆಕ್ರಿಲಿಕ್ ಎಮಲ್ಷನ್. ಸೂರಿಗೆ ಬಿಳಿಯೇ ಇರಲಿ. ಬೂಸ್ಟು ಮತ್ತೆ ತಲೆ ಎತ್ತಿದರೆ ಬೇಗ ಕಾಣುತ್ತದೆ, ಬೇಗ ಒರೆಸಬಹುದು. ಹಳದಿಯನ್ನು ಗೋಡೆಗೆ ಇಳಿಸಿ.

ಪ್ರಶ್ನೆ: ವಿನೋಬನಗರದಲ್ಲಿ ಬಾಡಿಗೆ ಮನೆ. ಬಚ್ಚಲಿಗೆ ಹಳೆಯ ಬಿಳಿ ಟೈಲ್ಸ್. ಒಂದು ಮೊಳೆ ಹೊಡೆಯುವುದಕ್ಕೂ ಮಾಲೀಕರು ಬಿಡುವುದಿಲ್ಲ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?
— ಓದುಗರು, ಶಿವಮೊಗ್ಗ

ಉತ್ತರ: ಬಿಳಿ ಟೈಲ್ಸ್ ಇರುವುದು ನಿಮಗೆ ಅನುಕೂಲವೇ. ಗಾಂಧಿ ಬಜಾರಿನಲ್ಲಿ ಒಂದು ಸಂಜೆ ಓಡಾಡಿ: ಎರಡು ನೀಲಿ ಬಕೆಟ್, ಒಂದು ಹಳದಿ ಚೊಂಬು ಅಥವಾ ಮಗ್, ನೀಲಿ ಟವೆಲ್, ಕಿಟಕಿಗೆ ತೆಳುವಾದ ಹಳದಿ ಹತ್ತಿ ಬಟ್ಟೆ. ಈ ಬಟ್ಟೆ ಬಹಳ ಮುಖ್ಯ. ಅದರೊಳಗಿಂದ ಬರುವ ಬೆಳಕೇ ಹಳದಿಯಾಗಿ ಬಿಳಿ ಗೋಡೆಯ ಮೇಲೆ ಬೀಳುತ್ತದೆ, ಪೇಂಟಿಲ್ಲದೆ ಕೋಣೆ ಬೆಚ್ಚಗಾಗುತ್ತದೆ. ಕಿಟಕಿಗೆ ನೀಲಿ ಪರದೆ ಹಾಕಿದರೆ ಮಳೆಗಾಲದಲ್ಲಿ ಒಳಗೆ ಕತ್ತಲೆ. ಅಂಟಿಸುವ ವಿನೈಲ್ ಸ್ಟಿಕ್ಕರ್‌ಗೆ ದುಡ್ಡು ಹಾಕಬೇಡಿ. ತೇವಕ್ಕೆ ಅಂಚು ಏಳುತ್ತದೆ, ಅದರ ಹಿಂದೆ ನೀರು ನಿಂತು ವಾಸನೆ ಬರುತ್ತದೆ. ಸಂದುಗಳನ್ನು ಬ್ರಷ್ ಹಿಡಿದು ಉಜ್ಜಿ ಬೆಳ್ಳಗೆ ಮಾಡಿದರೆ ಅರ್ಧ ಅಲಂಕಾರ ಅಲ್ಲೇ ಆಯಿತು. ಆಸಿಡ್ ಹಾಕಿ ತೊಳೆಯುವ ಅಭ್ಯಾಸ ಇದ್ದರೆ ನಿಲ್ಲಿಸಿ, ಅದು ಸಂದಿನ ಸಿಮೆಂಟನ್ನೇ ತಿನ್ನುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ ವಯಸ್ಸಾಗಿದೆ, ಕಣ್ಣಿಗೆ ಪೊರೆ ಬಂದಿದೆ. ಬಚ್ಚಲಿನ ನೆಲಕ್ಕೆ ಕಡುನೀಲಿ, ಗೋಡೆಗೆ ಹಳದಿ ಮಾಡಬೇಕೆಂದಿದ್ದೇವೆ. ಕಂಪನಿ ಕ್ವಾರ್ಟರ್ಸ್ ಕಾಲದ ಹಳೇ ಮನೆ, ಬಚ್ಚಲಿಗೆ ಒಂದು ಮೆಟ್ಟಿಲು ಇಳಿಯಬೇಕು.
— ಓದುಗರು, ಭದ್ರಾವತಿ

ಉತ್ತರ: ಬಣ್ಣಗಳನ್ನು ಉಳಿಸಿಕೊಳ್ಳಿ, ಜಾಗ ಬದಲಿಸಿ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ತಾನೇ ಹಳದಿಗಟ್ಟುತ್ತದೆ. ಹಳದಿ ಗಾಜಿನೊಳಗಿಂದ ಬರುವ ಬೆಳಕಿನಲ್ಲಿ ನೀಲಿಯೇ ಮೊದಲು ಸೋಸಿಹೋಗುವುದು. ನಿಮಗೆ ಚಂದದ ಕಡುನೀಲಿಯಾಗಿ ಕಾಣುವ ನೆಲ ಅಮ್ಮನಿಗೆ ಕಪ್ಪು ಹೊಂಡದ ಹಾಗೆ ಕಾಣಬಹುದು. ಅಲ್ಲಿ ಮೆಟ್ಟಿಲು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಅವರಿಗೆ ತಿಳಿಯುವುದಿಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ನೀಲಿ–ಹಳದಿಯನ್ನು ಮನೆಯಲ್ಲೂ ಮನಸಾರೆ ಬಳಸಿದವರು. ಅವರ ಊಟದ ಕೋಣೆ ಹಳದಿ, ಪಕ್ಕದ ಅಡುಗೆಮನೆಗೆ ನೀಲಿ ಟೈಲ್ಸ್. ಅಂಥವರಿಗೂ ಪೊರೆ ಬೆಳೆದಾಗ ಬಣ್ಣಗಳ ಗುರುತು ತಪ್ಪಿತ್ತು. 1923ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ನೀಲಿ ಅವರಿಗೆ ಮತ್ತೆ ಕಂಡಿತು. ಅಮ್ಮನಿಗೂ ವೈದ್ಯರು ಪೊರೆ ತೆಗೆಸಲು ಹೇಳಿದ್ದರೆ ಮುಂದೂಡಬೇಡಿ.

ನೆಲಕ್ಕೆ ತಿಳಿಬಣ್ಣದ, ಒರಟು ಮೈಯ ಒಂದಡಿ ಚದರದ ಟೈಲ್ಸ್ ಹಾಕಿ. ಜಾರದಿರುವಿಕೆಯ ದರ್ಜೆ ಆರ್ 11 ಇದ್ದರೆ ಒಳ್ಳೆಯದು, ಅಂಗಡಿಯವರನ್ನು ಕೇಳಿ. ಸಣ್ಣ ಟೈಲ್ಸ್‌ಗೆ ಸಂದು ಹೆಚ್ಚಿರುವುದರಿಂದ ಪಾದಕ್ಕೆ ಹಿಡಿತವೂ ಹೆಚ್ಚು. ಮೆಟ್ಟಿಲಿನ ಅಂಚಿಗೆ ಎರಡಿಂಚು ಅಗಲದ ಗಾಢ ಹಳದಿ ಪಟ್ಟಿ ಕೂರಿಸಿ, ಅದು ಎಂಥ ಮಂದ ಕಣ್ಣಿಗೂ ಕಾಣುತ್ತದೆ. ನೀಲಿಯನ್ನು ಗೋಡೆಗೆ ಏರಿಸಿ. ನೀಲಿ ಗೋಡೆಯ ಮೇಲೆ ಹಳದಿ ಹಿಡಿಕೆಯ ಸರಳನ್ನು ಹಾಕಿಸಿ. ಬಿದ್ದರೂ ಸಾವರಿಸಿಕೊಳ್ಳುವಷ್ಟು ಗಟ್ಟಿಯಾಗಿ, ಟೈಲ್ಸಿಗಲ್ಲ, ಹಿಂದಿನ ಇಟ್ಟಿಗೆಗೆ ಬೋಲ್ಟ್ ಹೊಡೆಸಿ. ಕಮೋಡಿನ ಸೀಟೂ ನೆಲದ ಬಣ್ಣದ್ದಾಗುವುದು ಬೇಡ. ಸಾಧ್ಯವಾದರೆ ಆ ಮೆಟ್ಟಿಲನ್ನೇ ತೆಗೆಸಿ.

ಪ್ರಶ್ನೆ: ನಮ್ಮ ಬಚ್ಚಲು ಇನ್ನೂ ಹಳೆಯದೇ. ಒಲೆ, ತಾಮ್ರದ ಹಂಡೆ ಇದೆ. ಅಡಿಕೆ ಸಿಪ್ಪೆ, ಸೌದೆಯನ್ನೇ ಉರಿಸುತ್ತೇವೆ. ಮಗಳು ಬೆಂಗಳೂರಿನಿಂದ ಬಂದವಳು ಇದನ್ನು ನೀಲಿ–ಹಳದಿ ಮಾಡೋಣ ಎನ್ನುತ್ತಿದ್ದಾಳೆ. ಅವಳ ಅಪ್ಪ ಇದೆಲ್ಲ ನಮ್ಮ ಕಡೆಯ ಬಣ್ಣವಲ್ಲ ಎನ್ನುತ್ತಾರೆ.
— ಓದುಗರು, ಸಾಗರ

ಉತ್ತರ: ಈ ಪತ್ರ ಓದಿ ಬಹಳ ಸಂತೋಷವಾಯಿತು. ಮೊದಲ ಬೇಡಿಕೆ: ಹಂಡೆ ಮತ್ತು ಒಲೆಯನ್ನು ತೆಗೆಯಬೇಡಿ.

ನಮ್ಮ ಕಡೆಯ ಬಣ್ಣವಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕಿ ಗೋಡೆ ಬಳಿಯುವುದು ನಮ್ಮ ಅಜ್ಜಿಯರ ಕಾಲದಿಂದ ಇದೆ. ನಿಮ್ಮ ಸೀಮೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಗುರಿಗೆ ಕಾಯಿಯಿಂದ ಹಳದಿ ತೆಗೆಯುತ್ತಾರೆ. ಇನ್ನು ನೀಲಿ, ಹಳದಿ ಎರಡೂ ಒಂದೇ ಗೋಡೆಯಲ್ಲಿ ಬೇಕೆಂದರೆ ಬೀದರಿಗೆ ಹೋಗಿ ನೋಡಲಿ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮುಖದ ಮೇಲೆ ಉಳಿದಿರುವ ಹೊಳಪಿನ ಬಿಲ್ಲೆಗಳಲ್ಲಿ ನೀಲಿಯೂ ಹಳದಿಯೂ ಇವತ್ತಿಗೂ ಕಾಣುತ್ತವೆ.

ನಿಮ್ಮದು ಜಂಬಿಟ್ಟಿಗೆ ಗೋಡೆಯಾಗಿದ್ದರೆ ಪ್ಲಾಸ್ಟಿಕ್ ಪೇಂಟ್ ಬೇಡವೇ ಬೇಡ. ಆ ಕಲ್ಲು ನೀರು ಹೀರುತ್ತದೆ, ಬಿಡುತ್ತದೆ. ಮೇಲೆ ಪೇಂಟಿನ ಪೊರೆ ಕೂತರೆ ಒಳಗಿನ ತೇವಕ್ಕೆ ದಾರಿ ಇಲ್ಲದೆ ಗುಳ್ಳೆ ಎದ್ದು ಉದುರುತ್ತದೆ. ಸುಣ್ಣವಾದರೆ ಗೋಡೆ ಉಸಿರಾಡುತ್ತದೆ, ಅದರ ಕ್ಷಾರಕ್ಕೆ ಬೂಸ್ಟೂ ಬೇಗ ಹತ್ತುವುದಿಲ್ಲ. ಬಟ್ಟೆಗೆ ಹಾಕುವ ಅಲ್ಟ್ರಾಮರೀನ್ ನೀಲಿ ಪುಡಿ ಸುಣ್ಣದಲ್ಲಿ ಕೆಡುವುದಿಲ್ಲ. ಹಳದಿಗೆ ಕಬ್ಬಿಣದ ಹಳದಿ ಆಕ್ಸೈಡ್ ಪುಡಿಯನ್ನೇ ಕೇಳಿ ತನ್ನಿ. ಅರಿಶಿನ ಬೆರೆಸುವ ಯೋಚನೆ ಬೇಡ, ಸುಣ್ಣ ತಾಗಿದರೆ ಅದು ಕೆಂಪಾಗುತ್ತದೆ, ಬಿಸಿಲಿಗೆ ಮಾಸಿಯೂ ಹೋಗುತ್ತದೆ. ಪುಡಿಯನ್ನು ಮೊದಲು ಬೇರೆ ಪಾತ್ರೆಯಲ್ಲಿ ನೀರಿಗೆ ಕಲಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಸುಣ್ಣದ ನೀರಿಗೆ ಸೇರಿಸಿ. ಹಸಿಯಾಗಿದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಹಾಗಾಗಿ ಒಂದು ಮೂಲೆಗೆ ಬಳಿದು, ಮಾರನೆ ದಿನ ನೋಡಿ ಹದ ಮಾಡಿಕೊಳ್ಳಿ. ಗೋಡೆಗೆ ನೀರು ಚಿಮುಕಿಸಿ, ದಪ್ಪವಾಗಿ ಒಂದೇ ಸಲ ಬಳಿಯದೆ ತೆಳುವಾಗಿ ಮೂರು ಸಲ ಬಳಿಯಿರಿ.

ಒಲೆಯ ಸುತ್ತ ಮಾತ್ರ ಬಣ್ಣವೂ ಬೇಡ, ಟೈಲ್ಸೂ ಬೇಡ. ಕಾವಿಗೆ ಟೈಲ್ಸ್ ಬಿರಿಯುತ್ತದೆ, ಮಸಿ ಸಂದಿನಲ್ಲಿ ಕೂತರೆ ಹೋಗುವುದಿಲ್ಲ. ಅಲ್ಲಿ ಕೆಮ್ಮಣ್ಣು ಸಾರಿಸಿದ್ದೇ ಸರಿ. ಹಂಡೆಯ ಎದುರು ಗೋಡೆಗೆ ನೀಲಿ, ಕಿಟಕಿ ಇರುವ ಗೋಡೆಗೆ ಹಳದಿ. ಹೆಂಚಿನ ಮಾಡಾದರೆ ಎರಡು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿ, ಇಡೀ ಬಚ್ಚಲಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನೀರು ತುಂಬುವ ಹಬ್ಬದ ಸಂಜೆ ಹಂಡೆಯ ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ, ಚೆಂಡುಹೂ ಸುತ್ತಿದಾಗ ಎದುರಿನ ನೀಲಿ ಗೋಡೆಯನ್ನು ಮಗಳ ಅಪ್ಪನಿಗೆ ತೋರಿಸಿ, ಅವರೇ ಒಪ್ಪುತ್ತಾರೆ.

ಪ್ರಶ್ನೆ: ಅಂಗಡಿಯಲ್ಲಿ ಚಂದ ಕಂಡ ಹಳದಿ ಟೈಲ್ಸ್ ಮನೆಗೆ ತಂದರೆ ಬೇರೆಯೇ ಕಾಣುತ್ತಿದೆ. ಯಾಕೆ?
— ಓದುಗರು, ಕೊಪ್ಪ

ಉತ್ತರ: ಬಲ್ಬಿನಿಂದ. ಬಲ್ಬಿನ ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬಹಳಷ್ಟು ಅಂಗಡಿಗಳಲ್ಲಿ 6500 ಕೆಲ್ವಿನ್‌ನ ಬೆಳ್ಳಗಿನ ದೀಪ ಉರಿಯುತ್ತಿರುತ್ತದೆ. ಅದರಲ್ಲಿ ನೀಲಿ ಹೊಳೆಯುತ್ತದೆ, ಹಳದಿ ಸಪ್ಪೆಯಾಗುತ್ತದೆ. ಮನೆಯಲ್ಲಿ 2700 ಅಥವಾ 3000ದ ಬೆಚ್ಚನೆಯ ಬಲ್ಬಿದ್ದರೆ ಹಳದಿ ಉಕ್ಕುತ್ತದೆ, ನೀಲಿ ಬೂದಿಯಾಗುತ್ತದೆ. ಎರಡೂ ಬಣ್ಣ ಇರುವ ಬಚ್ಚಲಿಗೆ ನಾನು 4000ದ ಬಲ್ಬನ್ನೇ ಹೇಳುವುದು. ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಅಂಕಿ ಇರುತ್ತದೆ, ಅದು 90ರ ಆಸುಪಾಸು ಇದ್ದರೆ ಬಣ್ಣಗಳು ಇದ್ದ ಹಾಗೆ ಕಾಣುತ್ತವೆ. ಬಲ್ಬನ್ನು ಮೊದಲು ಕೊಂಡು ಹಾಕಿ. ಆಮೇಲೆ ಅಂಗಡಿಯಿಂದ ಎರಡೂ ಬಣ್ಣದ ಒಂದೊಂದು ಟೈಲ್ಸ್ ಕೇಳಿ ತಂದು, ಬಚ್ಚಲಿನ ಗೋಡೆಗೆ ನೆಟ್ಟಗೆ ಒರಗಿಸಿ, ನೀರು ಚಿಮುಕಿಸಿ, ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ನೋಡಿ. ಎರಡೂ ಹೊತ್ತಿನಲ್ಲಿ ಹಿಡಿಸಿದರೆ ಪೆಟ್ಟಿಗೆಗಳಿಗೆ ಮುಂಗಡ ಕೊಡಿ.